ಮುಚ್ಚಳ ಬೇರೆ, ಮುಚ್ಚುವುದು ಬೇರೆ

ಎಲ್ಲರಿಗೂ ನಮಸ್ಕಾರ. ಪೀಣ್ಯದವರ ಮುಂದೆ ನಿಂತು ಕ್ರೋಮಿಯಂ ಅಂದರೆ ಏನು ಅಂತ ವಿವರಿಸುವ ಧೈರ್ಯ ನನಗಿಲ್ಲ. ಲೋಹಕ್ಕೆ ಕ್ರೋಮಿಯಂ ಲೇಪ ಕೊಡುವ ಪ್ಲೇಟಿಂಗ್ ಶೆಡ್‌ಗಳಲ್ಲೇ ತಲೆ ನರೆಸಿಕೊಂಡವರು ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅನ್ನುವುದೂ ನಿಮಗೆ ಗೊತ್ತು. ನಾನು ಬಂದಿರುವುದು ಸತ್ತ ಬೋರ್‌ವೆಲ್‌ಗಳ ಬಗ್ಗೆ ಮಾತಾಡಲು. ಜನರೇಟರ್ ಹಿಂದೆ, ತಲೆ ಮೇಲೊಂದು ಚಪ್ಪಡಿ ಹೊತ್ತುಕೊಂಡು ಇರುತ್ತವಲ್ಲ, ಅವು.

'ಅದನ್ನ ಮುಚ್ಚಿದ್ದೀವಲ್ಲ ಸಾರ್' ಅಂತೀರಿ. ಮಗು ಬೀಳದ ಹಾಗೆ ಮುಚ್ಚಿದ್ದೀರಿ, ಒಪ್ಪಿದೆ. ಇಂಡಿ ತಾಲೂಕಿನ ಲಚ್ಯಾಣದಲ್ಲಿ 2024ರಲ್ಲಿ ಮಗುವನ್ನು ಜೀವಂತ ಹೊರಗೆ ತೆಗೆಯುವವರೆಗೆ ನಾವೆಲ್ಲ ಟಿವಿ ಮುಂದಿಂದ ಎದ್ದಿರಲಿಲ್ಲ. ಬಿಟ್ಟ ಬೋರ್‌ಗಳನ್ನು ಮಣ್ಣು, ಮರಳು, ಕಲ್ಲು ಹಾಕಿ ತಳದಿಂದ ತುಂಬಿಸಿ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೆ ಮರಳು ಮಗುವನ್ನು ತಡೆದೀತು, ನೀರನ್ನು ತಡೆಯುತ್ತದಾ? ಮುಚ್ಚಳ ಬೇರೆ, ಮುಚ್ಚುವುದು ಬೇರೆ.

ನಮ್ಮ ನೆಲ ಹೇಗಿದೆ ನೋಡಿ. ಮೇಲೆ ಮಣ್ಣು, ಅದರಡಿ ಪುಡಿಪುಡಿ ಕಲ್ಲು, ಆಮೇಲೆ ಗಟ್ಟಿ ಬಂಡೆ, ಅದರಲ್ಲಿ ಬಿರುಕು. ಕೇಸಿಂಗ್, ಅಂದರೆ ಮಣ್ಣು ಕುಸಿಯದಂತೆ ಇಳಿಸುವ ಕೊಳವೆ, ಇಳಿಯುವುದು ಗಟ್ಟಿ ಬಂಡೆ ಸಿಗುವ ತನಕ ಮಾತ್ರ, ಕೆಳಗೆ ಬರೀ ತೂತು. ಕೇಸಿಂಗಿನ ಹೊರಮೈಗೂ ಮಣ್ಣಿಗೂ ನಡುವೆ ಒಂದು ಸಂದು ಇರುತ್ತದೆ. ಆ ಸಂದಿಗೆ ಸಿಮೆಂಟ್ ಹಾಕಿದ ಬೋರ್ ಲಾರಿಯವರನ್ನು ಯಾರಾದರೂ ಕಂಡಿದ್ದರೆ ಹೇಳಿ, ಶಾಲು ಹೊದಿಸೋಣ. ಶೆಡ್ಡಿನ ನೆಲದಿಂದ ಇಂಗಿದ ನೀರು ಇಲ್ಲೇ ಜಾರಿ, ಬಿರುಕು ಹಿಡಿದು, ಪಕ್ಕದವರ ಬೋರ್‌ಗೆ ಹೋಗುತ್ತದೆ.

ಒಂದು ಕತೆ ಹೇಳುತ್ತೇನೆ, ಕೇಳಿದವರು ಕ್ಷಮಿಸಿ. ಹಿಂದೆ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಹಳೇ ಬೋರ್ ಮುಚ್ಚಲು ಹೋಗಿದ್ದೆವು. ಕ್ರೋಮಿಯಂ ಬೆರೆತು ಅರಿಶಿನ ಕದಡಿದ ಹಾಗೆ ನೀರು. 'ಎಷ್ಟು ಆಳ?' ಅಂದೆ. ಮಾಲೀಕರು '300 ಅಡಿ' ಅಂದರು. ನಾನು ಅಳೆಯಲಿಲ್ಲ, ಸುಮ್ನೆ ನಂಬಿದೆ. ಆರೂವರೆ ಇಂಚಿನ ಬೋರ್‌ಗೆ ಒಂದು ಅಡಿ ತುಂಬಲು ಹೆಚ್ಚುಕಮ್ಮಿ ಆರೂವರೆ ಲೀಟರ್ ಬೇಕು, ನೆನಪಿಡಲು ಸುಲಭ. 300 ಅಡಿಗೆ ಸುಮಾರು 1,950 ಲೀಟರ್, ಅಂದರೆ 48 ಮೂಟೆ ಸಿಮೆಂಟ್. ಕಲಸಿ ಮೇಲಿನಿಂದ ಸುರಿದೆವು. ಒಂಬತ್ತನೇ ಮೂಟೆಗೆ ಬಾಯಿ ತುಂಬಿಬಿಟ್ಟಿತು! ಉಳಿದ ಮೂಟೆ ವಾಪಸ್ ಕಳಿಸಿದ ಖುಷಿಗೆ ಮಾಲೀಕರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು. ನಾನೂ ತಿಂದೆ. ರಾತ್ರಿ ಮಲಗಿದಾಗ ಲೆಕ್ಕ ನೆನಪಾಯಿತು. ಉಳಿದ 39 ಮೂಟೆ ಜಾಗ ಎಲ್ಲಿ ಹೋಯಿತು? ಮತ್ತೆ ರಿಗ್ ತರಿಸಿ ಕೊರೆದಾಗ 60 ಅಡಿ ಹತ್ತಿರ ಗೋಣಿಚೀಲದ ಚೂರು, ಕೇಬಲ್ ತುಂಡು ಮೇಲೆ ಬಂದವು. ಯಾವ ಕಾಲದಲ್ಲೋ ಯಾರೋ ತುರುಕಿದ್ದು. ಅದರ ಮೇಲೆ ನಮ್ಮ ಸಿಮೆಂಟು ಬಾಟಲಿಗೆ ಬಿರಡೆ ಹಾಕಿದ ಹಾಗೆ ಕೂತಿತ್ತು, ಅದರ ಕೆಳಗೆ ಪೂರಾ ಖಾಲಿ. ನಾನು ಹಾಕಿದ್ದೂ ಮುಚ್ಚಳವೇ, ಸ್ವಲ್ಪ ದಪ್ಪದ್ದು ಅಷ್ಟೇ.

ಚೀಟಿ ಬಂತು, ಐದು ನಿಮಿಷವಂತೆ. ಸರಿ, ಬೇಗ ಹೇಳುತ್ತೇನೆ. ಮೊದಲು ಪಂಪು, ಪೈಪು, ಕೇಬಲ್ ಎಲ್ಲ ಎತ್ತಿ. ಆಳ ಅಳೆಯಿರಿ. ಕೇಸಿಂಗ್ ಕೀಳಲು ಬರದಿದ್ದರೆ ಅದಕ್ಕೆ ತೂತು ಹೊಡೆಯಿರಿ, ಸಿಮೆಂಟ್ ಹೊರಗಿನ ಸಂದಿಗೂ ಹೋಗಬೇಕು. ಸಣ್ಣ ಪೈಪನ್ನು ತಳದವರೆಗೆ ಇಳಿಸಿ, ಸ್ವಲ್ಪ ಬೆಂಟೊನೈಟ್ (ನೀರು ಕುಡಿದು ಉಬ್ಬುವ ಜೇಡಿಮಣ್ಣು) ಬೆರೆಸಿದ ಸಿಮೆಂಟ್ ನೀರನ್ನು ಕೆಳಗಿನಿಂದ ತುಂಬಿಸುತ್ತಾ ಪೈಪನ್ನು ಮೇಲೆತ್ತಿ, ಅದರ ಬಾಯಿ ಸದಾ ಸಿಮೆಂಟಿನೊಳಗೇ ಮುಳುಗಿರಲಿ. ಬೋರ್‌ನೊಳಗಿನ ಹಳದಿ ನೀರು ಉಕ್ಕಿ ಬರುತ್ತದೆ, ಅದನ್ನು ಡ್ರಮ್ಮಿಗೆ ಹಿಡಿಯಿರಿ, ಚರಂಡಿಗಲ್ಲ. ಮಾರನೇ ದಿನ ಸಿಮೆಂಟ್ ಕುಗ್ಗಿರುತ್ತದೆ, ಮತ್ತೆ ತುಂಬಿ.

ಇಂಗುಗುಂಡಿ ವಿಷಯ ಪೂರ್ತಿ ಹೇಳಲು ಆಗುವುದಿಲ್ಲ. ಆದರೆ ಇಂಥ ಅಂಗಳದ ಮಳೆನೀರನ್ನು ಸತ್ತ ಬೋರ್‌ಗೆ ಬಿಡುವ ಪುಣ್ಯದ ಕೆಲಸ ದಯವಿಟ್ಟು ಬೇಡ. ಎಲ್ಲ ಬೋರ್ ಮುಚ್ಚಲೂಬೇಡಿ, ನೀರಿನ ಪರೀಕ್ಷೆಗೆ ಒಂದೆರಡು ಬೇಕಾಗುತ್ತವೆ. ಯಾವುದು ಅಂತ ಮೊದಲೇ ಕೇಳಿ.

ಕಾರಿನಲ್ಲಿ ಹಗ್ಗ, ತುದಿಗೊಂದು ಕಬ್ಬಿಣದ ಗುಂಡು ಇದೆ. ಊಟ ಆದಮೇಲೆ ಹತ್ತಿರದ ಶೆಡ್ಡಿನವರು ಯಾರಾದರೂ ಬನ್ನಿ, ನಿಮ್ಮ ಚಪ್ಪಡಿ ಎತ್ತಿ, ಗುಂಡು ಇಳಿಸಿ ಆಳ ನೋಡೋಣ. ಈ ಸಲ ದೋಸೆ ನನ್ನ ಲೆಕ್ಕಕ್ಕೆ.