ರಿಟರ್ನ್ ಪಾತ್ ಬ್ಯಾಲೆನ್ಸ್ ಮಾಡುವುದು ಹೇಗೆ?

ವಿಜಯಪುರದ ಕೇಬಲ್ ಆಪರೇಟರ್ ಮಿತ್ರರೇ, ಕಂಬ ಹತ್ತಿ ಕೆಲಸ ಮಾಡುವ ಟೆಕ್ನಿಷಿಯನ್ ಗೆಳೆಯರೇ, ನಮಸ್ಕಾರ.

ಚಾನೆಲ್‌ಗಳನ್ನು ಮನೆ ಮುಟ್ಟಿಸುವ ಕೆಲಸ ನಿಮಗೆ ಚೆನ್ನಾಗಿ ಗೊತ್ತು. ಇವತ್ತಿನ ಮಾತು ವಾಪಸ್ ಬರುವ ದಾರಿಯದ್ದು, ಅಂದರೆ ರಿಟರ್ನ್ ಪಾತ್‌ನದ್ದು. ಕೇಬಲ್ ಮೋಡೆಮ್ ಮನೆಯಿಂದ ಕಳಿಸುವ ಸಿಗ್ನಲ್ 5ರಿಂದ 65 ಮೆಗಾಹರ್ಟ್ಸ್ ಒಳಗೆ ಬರುತ್ತದೆ. ಕೆಲವು ಉಪಕರಣಗಳಲ್ಲಿ 42ಕ್ಕೇ ನಿಲ್ಲುತ್ತದೆ. ಟ್ಯಾಪ್ (ಲೈನಿನಿಂದ ಮನೆಗಳಿಗೆ ಕವಲು ಕೊಡುವ ಡಬ್ಬಿ), ಆಂಪ್ಲಿಫೈಯರ್ ದಾಟಿ ನೋಡ್‌ಗೆ (ಕೇಬಲ್ ಮುಗಿದು ಫೈಬರ್ ಶುರುವಾಗುವ ಪೆಟ್ಟಿಗೆಗೆ) ಬಂದು, ಅಲ್ಲಿನ ಲೇಸರ್ ಮೂಲಕ ಫೈಬರ್ ಹಿಡಿದು ಹೆಡ್‌ಎಂಡ್, ಅಂದರೆ ಆಪರೇಟರ್‌ನ ಮುಖ್ಯ ಕೇಂದ್ರ, ಸೇರುತ್ತದೆ.

ಹೋಗುವಾಗ ಒಂದೇ ಸಿಗ್ನಲ್ ನೂರಾರು ಮನೆಗೆ ಹಂಚಿಹೋಗುತ್ತದೆ. ಬರುವಾಗ ನೂರಾರು ಮನೆಯದು ಒಂದೇ ಕಡೆ ಕೂಡುತ್ತದೆ. ನಮ್ಮ ಡೋಣಿ ಹೊಳೆಯನ್ನೇ ನೋಡಿ. ಹಳ್ಳಗಳ ನೀರಿನ ಜೊತೆ ಹೂಳೂ ಬಂದು ಸೇರುತ್ತದೆ, ಅಲ್ವಾ? ಹಾಗೆಯೇ ಸಡಿಲಾದ ಎಫ್ ಕನೆಕ್ಟರ್‌ನಿಂದ ನುಗ್ಗಿದ ಶಾರ್ಟ್‌ವೇವ್ ರೇಡಿಯೋ, ಮಿಕ್ಸರ್ ಮೋಟಾರಿನ ಕಿಡಿ, ಎಲ್ಲ ನಾಯ್ಸ್ (ಬೇಡದ ಸಿಗ್ನಲ್) ನೋಡ್‌ಗೆ ಬರುತ್ತದೆ. ಒಂದೇ ಮಟ್ಟದ ನಾಯ್ಸ್ ಇರುವ ಎರಡು ಕವಲು ಕೂಡಿದರೆ 3 ಡಿಬಿ ಏರಿತು, ಅಂದರೆ ಎರಡು ಪಟ್ಟಾಯಿತು ಅಂತಲೇ ಲೆಕ್ಕ.

ಹೋಗುವ ದಾರಿಯಲ್ಲಿ ನಾವು ಆಂಪ್ಲಿಫೈಯರಿನ ಔಟ್‌ಪುಟ್ ನೋಡಿ ಸೆಟ್ ಮಾಡುತ್ತೇವೆ. ಆ ರೂಢಿಯನ್ನು ಇಲ್ಲಿ ಬಿಡಬೇಕು. ರಿಟರ್ನ್‌ನಲ್ಲಿ ಪ್ರತಿ ಆಂಪ್ಲಿಫೈಯರಿನ ಇನ್‌ಪುಟ್ ಒಂದೇ ಮಟ್ಟದಲ್ಲಿರಬೇಕು. ಔಟ್‌ಪುಟ್ ಎಷ್ಟಿರಬೇಕು ಅನ್ನುವುದನ್ನು ನೋಡ್ ಕಡೆಗಿನ ಕೇಬಲ್ಲಿನ ಲಾಸ್ ತೀರ್ಮಾನಿಸುತ್ತದೆ.

ಕೆಲಸ ನೋಡ್‌ನಿಂದ ಶುರುವಾಗಲಿ. ಲೇಸರ್‌ಗೆ ತಯಾರಕರು ಹೇಳಿದಷ್ಟೇ ಇನ್‌ಪುಟ್ ಕೊಡಿ. ಜಾಸ್ತಿ ಆದರೆ ಕ್ಲಿಪ್ ಆಗಿ (ಅಲೆಯ ತುದಿ ಕತ್ತರಿಸಿಹೋಗಿ) ವಾಪಸ್ ಬರುವ ಎಲ್ಲ ಚಾನೆಲ್ ಕೆಡುತ್ತವೆ. ಕಡಿಮೆ ಆದರೆ ಫೈಬರ್ ಲಿಂಕಿನ ನಾಯ್ಸ್‌ನಲ್ಲಿ ಸಿಗ್ನಲ್ ಮುಳುಗುತ್ತದೆ. ಫೈಬರ್‌ನಲ್ಲಿ 1 ಡಿಬಿ ಬೆಳಕು ಕಮ್ಮಿಯಾದರೆ ಆರ್‌ಎಫ್ (ರೇಡಿಯೋ ಸಿಗ್ನಲ್) 2 ಡಿಬಿ ಇಳಿಯುತ್ತದೆ. ಹಾಗಾಗಿ ದೂರದ ನೋಡ್, ಹತ್ತಿರದ ನೋಡ್ ನಡುವಿನ ವ್ಯತ್ಯಾಸವನ್ನು ಹೆಡ್‌ಎಂಡ್‌ನಲ್ಲಿ, ರಿಸೀವರ್ ಆದ ಮೇಲೆ ಪ್ಯಾಡ್ (ಸಿಗ್ನಲ್ ತಗ್ಗಿಸುವ ಬಿಡಿಭಾಗ) ಹಾಕಿ ಸರಿಮಾಡಿ. ಅದಕ್ಕಾಗಿ ಲೇಸರಿನ ಇನ್‌ಪುಟ್ ಮುಟ್ಟಬೇಡಿ.

ಆಮೇಲೆ ನೋಡ್‌ಗೆ ಹತ್ತಿರದ ಆಂಪ್ಲಿಫೈಯರ್. ಅದರ ರಿಟರ್ನ್ ಇನ್‌ಪುಟ್‌ಗೆ ಎರಡು ಟೆಸ್ಟ್ ಸಿಗ್ನಲ್ ಕೊಡಿ. ಒಂದು ಬ್ಯಾಂಡಿನ ಕೆಳ ತುದಿಯಲ್ಲಿ, ಇನ್ನೊಂದು ಮೇಲಿನ ತುದಿಯಲ್ಲಿ. ಹೆಡ್‌ಎಂಡ್‌ನಲ್ಲಿ ಒಬ್ಬರು ಅನಲೈಜರ್ ಮುಂದೆ ಕೂತಿರಲಿ. ಮಟ್ಟಕ್ಕೆ ಪ್ಯಾಡ್, ಓರೆಗೆ (ಎರಡು ತುದಿಯ ಮಟ್ಟದ ವ್ಯತ್ಯಾಸಕ್ಕೆ) ಈಕ್ವಲೈಜರ್. ಎರಡೂ ಸರಿಯಾದ ಮೇಲೆ ಮುಂದಿನ ಆಂಪ್ಲಿಫೈಯರ್. ಕೊನೆಯಿಂದ ಶುರುಮಾಡಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

"ಮೋಡೆಮ್ ಆನ್‌ಲೈನ್ ಇದೆ, ಇನ್ನೇನು ಬೇಕು?" ಅಂತ ಬಹಳ ಜನ ಕೇಳುತ್ತಾರೆ. ಇಲ್ಲೇ ಮೋಸ ಹೋಗುವುದು. ಹೆಡ್‌ಎಂಡಿನ ಸಿಎಂಟಿಎಸ್ (ಎಲ್ಲ ಮೋಡೆಮ್‌ಗಳನ್ನು ನಿಯಂತ್ರಿಸುವ ಯಂತ್ರ) ಪ್ರತಿ ಮೋಡೆಮ್‌ಗೂ ಪವರ್ ಏರಿಸು, ಇಳಿಸು ಅಂತ ಹೇಳುತ್ತಲೇ ಇರುತ್ತದೆ. ಒಂದು ಕವಲಿನ ಗೇನ್ (ಸಿಗ್ನಲ್ ಏರಿಸುವ ಪ್ರಮಾಣ) 6 ಡಿಬಿ ಕಮ್ಮಿ ಇದ್ದರೆ ಅಲ್ಲಿನ ಮೋಡೆಮ್‌ಗಳು 6 ಡಿಬಿ ಏರಿಸಿಕೊಳ್ಳುತ್ತವೆ. ದೊಡ್ಡ (ಹೆಚ್ಚು ಲಾಸ್ ಇರುವ) ಟ್ಯಾಪ್ ಹಿಂದಿನ ಮನೆಗಳಲ್ಲಿ ಮೋಡೆಮ್ ತನ್ನ ಮಿತಿ ಮುಟ್ಟಿ ಆಗಾಗ ಬಿದ್ದುಹೋಗುತ್ತದೆ. ಗೇನ್ 6 ಡಿಬಿ ಜಾಸ್ತಿ ಇದ್ದರೆ ಇನ್ನೂ ಕೆಟ್ಟದ್ದು. ಮೋಡೆಮ್‌ಗಳು ತಗ್ಗಿಸಿಕೊಳ್ಳುತ್ತವೆ, ಆದರೆ ಮನೆಯ ನಾಯ್ಸ್‌ಗೆ ಯಾರೂ ತಗ್ಗು ಅಂತ ಹೇಳುವುದಿಲ್ಲ. ಅದು 6 ಡಿಬಿ ಏರಿಯೇ ಬರುತ್ತದೆ. ಆ ಒಂದು ಓಣಿಯ ಗೇನ್‌ನಿಂದ ಇಡೀ ನೋಡ್‌ನ ಗ್ರಾಹಕರು ಒದ್ದಾಡುತ್ತಾರೆ. ಹೆಡ್‌ಎಂಡ್ ಪರದೆಯಲ್ಲಿ ಮಾತ್ರ ಎಲ್ಲ ಮೋಡೆಮ್ ಒಂದೇ ಮಟ್ಟದಲ್ಲಿ ಕಾಣುತ್ತವೆ! ಅದಕ್ಕೇ ಮೋಡೆಮ್‌ಗಳು ಕಳಿಸುವ ಪವರ್ ಎಷ್ಟು ಅಂತ ಕವಲುವಾರು ನೋಡಿ.

ನಮ್ಮೂರಿನ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಕೇಬಲ್ಲಿನ ಲಾಸ್ ಪ್ರತಿ ಡಿಗ್ರಿಗೆ ಸುಮಾರು 0.2 ಶೇಕಡಾ ಬದಲಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಬ್ಯಾಲೆನ್ಸ್ ಮಾಡಿದ ಉದ್ದನೆಯ ಲೈನನ್ನು ಚಳಿಗಾಲದಲ್ಲಿ ಇನ್ನೊಮ್ಮೆ ಅಳೆಯಿರಿ. ಹಾಕಿದ ಪ್ಯಾಡ್, ಈಕ್ವಲೈಜರ್ ಎಷ್ಟು ಡಿಬಿಯವು ಅನ್ನುವುದನ್ನು ಆಂಪ್ಲಿಫೈಯರಿನ ಮುಚ್ಚಳದ ಒಳಗೇ ಬರೆದಿಡಿ.

ಇಷ್ಟಾದರೂ ನಾಯ್ಸ್‌ನ ಹೆಚ್ಚು ಪಾಲು ಬರುವುದು ಡ್ರಾಪ್ ಕೇಬಲ್ (ಟ್ಯಾಪ್‌ನಿಂದ ಮನೆಗೆ ಹೋಗುವ ಕೇಬಲ್) ಮತ್ತು ಮನೆಯೊಳಗಿನ ವೈರಿಂಗ್‌ನಿಂದ. ಸಡಿಲ ಕನೆಕ್ಟರ್ ಕಂಡರೆ ಸುಮ್ನೆ ಬಿಗಿ ಮಾಡಿ ಬರಬೇಡಿ, ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿ. ಮೋಡೆಮ್ ಇಲ್ಲದೆ ಬರೀ ಟಿವಿ ಇರುವ ಮನೆಗಳಲ್ಲಿ, ಸೆಟ್‌ಟಾಪ್ ಬಾಕ್ಸ್ ವಾಪಸ್ ಸಿಗ್ನಲ್ ಕಳಿಸುವಂಥದ್ದು ಅಲ್ಲದಿದ್ದರೆ, ಟ್ಯಾಪ್ ಹತ್ತಿರವೇ ಡ್ರಾಪ್‌ಗೆ ಹೈಪಾಸ್ ಫಿಲ್ಟರ್ (ವಾಪಸ್ ದಾರಿಯ ಕೆಳ ಬ್ಯಾಂಡನ್ನು ತಡೆಯುವಂಥದ್ದು) ಹಾಕಿಬಿಡಿ.