ಕಿವಿಗೆ ಮೊದಲ ಸರದಿ

ಎಲ್ಲರಿಗೂ ನಮಸ್ಕಾರ.

ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಬರುವ ನಮ್ಮೂರ ಹುಡುಗರಿಗೆ ಈ ಮುಂಬೈಯಲ್ಲಿ ಇಂಗ್ಲಿಷ್ ಕಲಿಸುತ್ತಾ ಬಂದವನು ನಾನು. ಒಂದು ದಿನ ಅವರಲ್ಲೊಬ್ಬ ಮುಖ ಸಪ್ಪೆ ಮಾಡಿಕೊಂಡು ಬಂದ. ಗಿರಾಕಿ ಫೋನಿನಲ್ಲಿ ಹೇಳಿದ್ದು 15 ಪ್ಲೇಟ್ ಇಡ್ಲಿ. ಇವನು ಬರೆದುಕೊಂಡದ್ದು 50. "ಸರ್, ಫಿಫ್ಟೀನ್ ಅಂತ ಬರೆಯೋಕೆ ಬರುತ್ತೆ. ಕೇಳೋಕೆ ಬರಲ್ಲ" ಅಂದ. ನನಗೆ ತುಂಬಾ ಬೇಜಾರಾಯಿತು. ಅಲ್ಲಿವರೆಗೆ ನಾನು ಕಲಿಸಿದ್ದೆಲ್ಲ ಕಣ್ಣಿಗೆ.

ಇಂಗ್ಲಿಷಿನವರು ಬೇಗ ಮಾತಾಡುತ್ತಾರೆ ಅಂತ ಹುಡುಗರು ದೂರುತ್ತಾರೆ. ತೊಂದರೆ ಬರೀ ವೇಗದ್ದಲ್ಲ. 'ಪಿಕ್ ಇಟ್ ಅಪ್' ಬಾಯಿಗೆ ಬಂದಾಗ 'ಪಿಕಿಟಪ್' ಆಗುತ್ತದೆ. ನಾವೂ ಹಾಗೇ ಅಲ್ವಾ? 'ಏನು ಮಾಡುತ್ತಾ ಇದ್ದೀಯ' ಅಂತ ಮನೆಯಲ್ಲಿ ಯಾರು ಕೇಳುತ್ತಾರೆ? 'ಏನ್ಮಾಡ್ತಿದೀಯ' ಅಷ್ಟೇ. ಇದನ್ನು ಹೇಳಿದ ಕೂಡಲೇ ಹುಡುಗರ ಅರ್ಧ ಭಯ ಹೋಗುತ್ತದೆ. ಇಂಗ್ಲಿಷಿನಲ್ಲಿ ಮುಖ್ಯ ಶಬ್ದಕ್ಕೆ ಒತ್ತು ಬಿದ್ದು, ನಡುವಿನ ಆಫ್, ಟು, ಅಂಡ್ ಮುದುಡಿಕೊಳ್ಳುತ್ತವೆ. ಫಿಫ್ಟಿಯಲ್ಲಿ ಒತ್ತು ಮೊದಲಿಗೆ; ಫಿಫ್ಟೀನ್ ಅನ್ನು ಬಿಡಿಯಾಗಿ ಹೇಳಿದಾಗ ಕೊನೆಗೆ. ಬೋರ್ಡಿನ ಮೇಲೆ ಬರೆದರೆ ಇದು ತಿಳಿಯಲ್ಲ. ಕೇಳಿಸಬೇಕು.

ನನ್ನ ಮೊದಲ ಪಾಠ ಲೋಕಲ್ ಟ್ರೈನಿನ ದನಿ. ಪುಢೀಲ್ ಸ್ಟೇಶನ್ ದಾದರ್, ಅಗಲಾ ಸ್ಟೇಶನ್ ದಾದರ್, ನೆಕ್ಸ್ಟ್ ಸ್ಟೇಶನ್ ದಾದರ್. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ ಅನ್ನುತ್ತೇನೆ. ಮರಾಠಿ, ಹಿಂದಿಯಲ್ಲಿ ಅರ್ಥ ಆಗಲೇ ಸಿಕ್ಕಿರುತ್ತದೆ. ಹಾಗಾಗಿ ಇಂಗ್ಲಿಷಿನ ಸರದಿ ಬಂದಾಗ ಕಿವಿ ಆರಾಮಾಗಿ ಬರೀ ಸದ್ದಿನ ಕಡೆ ಹೋಗುತ್ತದೆ. 'ನೆಕ್ಸ್ಟ್'ನ ಕೊನೆಯ ಟಕಾರ ಕೇಳಿಸಿತಾ? ಇದೊಂದು ಪ್ರಶ್ನೆ ಸಾಕು, ತರಗತಿಗೆ ಜೀವ ಬರುತ್ತದೆ.

ಆಮೇಲೆ ವಿಡಿಯೊ. 40 ಸೆಕೆಂಡಿನದು ಸಾಕು, ಜಾಸ್ತಿ ಬೇಡ. ಮೊದಲು ಸದ್ದು ತೆಗೆದು ಚಿತ್ರ ಮಾತ್ರ ತೋರಿಸುತ್ತೇನೆ. ಇವರು ಏನು ಮಾತಾಡುತ್ತಿರಬಹುದು, ಹುಡುಗರು ಊಹಿಸಲಿ. ಎರಡನೇ ಸಲ ಸದ್ದು ಇರುತ್ತದೆ, ಸಬ್‌ಟೈಟಲ್ ಇರುವುದಿಲ್ಲ. ಮೂರನೇ ಸಲ ಇಂಗ್ಲಿಷ್ ಸಬ್‌ಟೈಟಲ್ ಹಾಕಿದಾಗ, "ಅಯ್ಯೋ, ಇದನ್ನಾ ಹೇಳಿದ್ದು!" ಅಂತ ಕೂಗು ಬರುತ್ತದೆ. ನಿಜವಾದ ಕಲಿಕೆ ನಡೆಯುವುದು ಆ ಕೂಗಿನ ಆಮೇಲೆ. ಸಬ್‌ಟೈಟಲ್ ತೆಗೆದು ಮತ್ತೊಮ್ಮೆ ಕೇಳಿಸಲೇಬೇಕು. ಇದನ್ನು ಬಿಟ್ಟರೆ ಅದು ಓದಿನ ಪಾಠ ಆಗಿಬಿಡುತ್ತದೆ. ಕನ್ನಡ ಸಬ್‌ಟೈಟಲ್ ಕಥೆ ತಿಳಿಯಲು ಒಳ್ಳೆಯದು. ಆದರೆ ಕಣ್ಣಿಗೆ ಕನ್ನಡ ಸಿಕ್ಕರೆ ಕಿವಿ ಮಲಗುತ್ತದೆ. ಯಂತ್ರವೇ ಬರೆಯುವ ಸಬ್‌ಟೈಟಲ್‌ಗಳಲ್ಲಿ ತಪ್ಪುಗಳಿರುತ್ತವೆ, ಮೊದಲೇ ನೋಡಿಕೊಳ್ಳಿ.

ಹೊಸಬರಿಗೆ ನಿಧಾನದ ದನಿ ಬೇಕು. ಅಮೆರಿಕದ ರೇಡಿಯೊ ಸಂಸ್ಥೆ ವಾಯ್ಸ್ ಆಫ್ ಅಮೆರಿಕ 1959ರಲ್ಲೇ ಸುಮಾರು 1,500 ಶಬ್ದಗಳ ಮಿತಿಯಲ್ಲಿ, ನಿಧಾನವಾಗಿ ಓದುವ ಕಾರ್ಯಕ್ರಮ ಶುರು ಮಾಡಿತ್ತು. ಈಗ ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೆ ಇಳಿಸಬಹುದು. ಆದರೆ ಅಲ್ಲೇ ನಿಲ್ಲಬೇಡಿ. ಸಿಕ್ಕದ ಮಾತನ್ನು ನಿಧಾನದಲ್ಲಿ ಹಿಡಿದು, ತಕ್ಷಣ ಮಾಮೂಲಿ ವೇಗಕ್ಕೆ ಬನ್ನಿ. ಫೋನಿನಲ್ಲಿ ಇಡ್ಲಿ ಕೇಳುವ ಗಿರಾಕಿ 0.75ರಲ್ಲಿ ಮಾತಾಡಲ್ಲ.

ಈಗ ನನ್ನ ಫೋನಿನಿಂದ ಒಂದು ದನಿ ಹಾಕುತ್ತೇನೆ. ಹೋಟೆಲಿಗೆ ಆರ್ಡರ್ ಕೊಡುವ ಮಾತು, ನಾವೇ ರೆಕಾರ್ಡ್ ಮಾಡಿದ್ದು. ಪೆನ್ನು ಕೆಳಗಿಡಿ. ಕಣ್ಣು ಮುಚ್ಚಿ. ಎಷ್ಟು ಪ್ಲೇಟ್ ಅಂದರು, ಆಮೇಲೆ ಹೇಳಿ.