ಮೊದಲು ತೊಡೆಗೆ ಅಡ್ರಿನಲಿನ್

ಕೇಳುಗರಿಗೆ ನಮಸ್ಕಾರ.

ಅಡಿಕೆ ಕೊಯ್ಲು ಶುರುವಾಗುವ ಸಮಯ. ಮರ ಹತ್ತುವವರು, ತೋಟದಲ್ಲಿ ಕೆಲಸ ಮಾಡುವವರು, ಅವರ ಮನೆಯವರು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಕಡಜವೋ ಜೇನೋ ಕಚ್ಚಿದರೆ ಹೆಚ್ಚಿನವರಿಗೆ ಆ ಜಾಗ ಊದಿ, ಉರಿದು, ಕೆಲವು ದಿನದಲ್ಲಿ ಇಳಿಯುತ್ತದೆ. ನನ್ನ ಮಾತು ಅದರ ಬಗ್ಗೆ ಅಲ್ಲ. ಕೆಲವರಿಗೆ ಒಂದೇ ಒಂದು ಹುಳ ಕಚ್ಚಿದರೂ ಜೀವಕ್ಕೇ ಬರುತ್ತದೆ. ಅದಕ್ಕೆ ಅನಾಫಿಲ್ಯಾಕ್ಸಿಸ್ ಅನ್ನುತ್ತಾರೆ, ಅಂದರೆ ಇಡೀ ಮೈಯನ್ನು ಹಿಡಿಯುವ ತೀವ್ರ ಅಲರ್ಜಿ. ಈ ಹೆಸರು ಮರೆತರೂ ಪರವಾಗಿಲ್ಲ. ಮದ್ದಿನ ಹೆಸರು ಮಾತ್ರ ಮರೆಯಬೇಡಿ. ಅಡ್ರಿನಲಿನ್. ತೊಡೆಗೆ ಇಂಜೆಕ್ಷನ್, ತಡಮಾಡದೆ.

ಕೆಲವು ವರ್ಷದ ಹಿಂದೆ ನಾನು ಮಲೆನಾಡಿನ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಅಲ್ಲಿ ಒಬ್ಬರು ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವರು, ಗಟ್ಟಿ ಆಳು. ಮರದ ಮೇಲಿದ್ದಾಗ ಕುತ್ತಿಗೆಗೆ ಕಡಜ ಕಚ್ಚಿತು. ಪುಣ್ಯಕ್ಕೆ ಇಳಿದು ಬಂದರು. ಮೊದಲು ಅಂಗೈ, ಅಂಗಾಲು ತುರಿಕೆ. ಆಮೇಲೆ ಮೈತುಂಬ ದದ್ದು. ಪಿತ್ತದ ಗಂಧೆ ಇರಬೇಕು ಅಂತ ತೋಟದ ಮನೆಯ ಅಮ್ಮ ಮುರುಗಲ ಹಣ್ಣಿನ ಪಾನಕ ಮಾಡಿಕೊಟ್ಟರು. ಪ್ರೀತಿಯಿಂದಲೇ ಕೊಟ್ಟದ್ದು. ಕುಡಿದವರು ವಾಂತಿ ಮಾಡಿದರು. ಹೊಟ್ಟೆ ಹಿಡಿದುಕೊಂಡು ಕೂತರು. ಸ್ವರ ಒಡೆಯಿತು. ಆಗಲೂ ಸುತ್ತ ಇದ್ದವರು "ಸ್ವಲ್ಪ ಹೊತ್ತು ನೋಡೋಣ" ಅಂದರಂತೆ. ಈ "ಸ್ವಲ್ಪ ಹೊತ್ತು ನೋಡೋಣ" ಅನ್ನುವ ಮಾತನ್ನು ನನಗೆ ಸಹಿಸಲಿಕ್ಕೇ ಆಗುವುದಿಲ್ಲ. ನೋಡುತ್ತಾ ಕೂರಲು ಇಲ್ಲಿ ಹೊತ್ತೆಲ್ಲಿದೆ?

ದಾರಿಯಲ್ಲಿ ಒಂದು ಕ್ಲಿನಿಕ್ ಸಿಕ್ಕಿತು. ಅಲ್ಲಿ ಏವಿಲ್ ಅನ್ನುವ ಅಲರ್ಜಿ ಮದ್ದಿನ ಇಂಜೆಕ್ಷನ್ ಹಾಕಿ ಕಳಿಸಿದರು. ಅಡ್ರಿನಲಿನ್ ಕೊಡಲಿಲ್ಲ. ಮತ್ತೆ ಬೈಕ್ ಹತ್ತಿಸಿ, ಇಬ್ಬರ ನಡುವೆ ನೆಟ್ಟಗೆ ಕೂರಿಸಿಕೊಂಡು ಬಂದರು. ಇಲ್ಲಿ ಸ್ವಲ್ಪ ಗಮನ ಕೊಡಿ. ಆ ಹೊತ್ತಿಗೆ ರಕ್ತನಾಳಗಳು ಸಡಿಲವಾಗಿ ಬಿಪಿ ಬಿದ್ದಿರುತ್ತದೆ. ನೆಟ್ಟಗೆ ಕೂರಿಸಿದರೆ ರಕ್ತವೆಲ್ಲ ಕಾಲಲ್ಲೇ ಉಳಿಯುತ್ತದೆ, ಹೃದಯಕ್ಕೆ ಬರುವುದೇ ಇಲ್ಲ. ನಮ್ಮ ಬಾಗಿಲಿಗೆ ಬರುವಾಗ ಅವರ ಕತ್ತು ವಾಲಿತ್ತು. ಕೈಯಲ್ಲಿ ನಾಡಿ ಸಿಗಲಿಲ್ಲ.

ಅಂಗಾತ ಮಲಗಿಸಿದೆವು. ನರ್ಸಮ್ಮ ಕಾಲೆತ್ತಿ ಹಿಡಿದರು. ಬಟ್ಟೆಯ ಮೇಲಿಂದಲೇ ತೊಡೆಯ ಹೊರಮಗ್ಗುಲಿಗೆ ಅರ್ಧ ಎಂ.ಎಲ್. ಅಡ್ರಿನಲಿನ್ ಚುಚ್ಚಿದೆ. 5 ನಿಮಿಷ ಬಿಟ್ಟು ಇನ್ನೊಂದು. ಜೊತೆಗೆ ಡ್ರಿಪ್. ಎರಡನೆಯದಾದ ಮೇಲೆ ನಾಡಿ ಬೆರಳಿಗೆ ತಾಗಿತು. ಕಣ್ಣು ಬಿಟ್ಟವರೇ ಏಳಲು ಹೊರಟರು. ಗದರಿಸಿ ಮಲಗಿಸಿದೆ. ಹೀಗೆ ಎದ್ದು ನಿಂತ ಕೂಡಲೇ ಜೀವ ಹೋದವರಿದ್ದಾರೆ.

ಮಾರನೇ ದಿನ ಕೇಳಿದರೆ, ಹಿಂದಿನ ವರ್ಷವೂ ಕಡಜ ಕಚ್ಚಿ ಮೈಯೆಲ್ಲ ದದ್ದು ಎದ್ದಿತ್ತಂತೆ. ಯಾರಿಗೂ ಹೇಳಿರಲಿಲ್ಲ. 1902ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ರಿಶೆ ಮತ್ತು ಪೋರ್ಟಿಯೆ ನಾಯಿಗಳಲ್ಲಿ ಕಂಡದ್ದೂ ಇದನ್ನೇ. ಮೊದಲ ಸಲದ ವಿಷ ತಡೆದುಕೊಂಡ ನಾಯಿ, ಕೆಲವು ವಾರ ಬಿಟ್ಟು ಅದೇ ವಿಷ ತೀರಾ ಸ್ವಲ್ಪ ಕೊಟ್ಟಾಗ ಸತ್ತುಹೋಯಿತು. ಮೈ ನೆನಪಿಟ್ಟುಕೊಂಡಿರುತ್ತದೆ. ಹಾಗಾಗಿ ಒಮ್ಮೆ ಮೈಯೆಲ್ಲ ದದ್ದು ಎದ್ದಿದ್ದರೆ ಡಾಕ್ಟರಿಗೆ ಹೇಳಿ.

ಏವಿಲ್ ಕೆಟ್ಟ ಮದ್ದಲ್ಲ. ತುರಿಕೆ ತಗ್ಗಿಸುತ್ತದೆ, ಅಷ್ಟೇ. ಬಿದ್ದ ಬಿಪಿ ಎತ್ತುವುದಿಲ್ಲ. ಸ್ಟೀರಾಯ್ಡ್ ಕೆಲಸ ಶುರುಮಾಡಲಿಕ್ಕೇ ಗಂಟೆಗಟ್ಟಲೆ ಬೇಕು. ಬಿಪಿ ಎತ್ತಿ, ಬಿಗಿದ ಉಸಿರು ಬಿಡಿಸಿ, ಗಂಟಲ ಊತ ಇಳಿಸುವುದನ್ನೆಲ್ಲ ನಿಮಿಷಗಳಲ್ಲಿ ಮಾಡುವುದು ಅಡ್ರಿನಲಿನ್ ಒಂದೇ. ದುಬಾರಿಯೂ ಅಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕಡಜ ಮಾತ್ರ ಅಲ್ಲ. ಸೀಗಡಿ, ಶೇಂಗಾ, ನೋವಿನ ಮಾತ್ರೆ, ಆಂಟಿಬಯೋಟಿಕ್, ಯಾವುದರಿಂದಲೂ ಹೀಗಾಗಬಹುದು. ದದ್ದು ಎಲ್ಲರಿಗೂ ಏಳುವುದಿಲ್ಲ. ಕಚ್ಚಿದ ಅಥವಾ ತಿಂದ ಸ್ವಲ್ಪ ಹೊತ್ತಲ್ಲೇ ಉಸಿರು ಕಟ್ಟಿದರೆ, ತಲೆ ತಿರುಗಿ ಕಣ್ಣು ಕತ್ತಲೆ ಬಂದರೆ ಅಷ್ಟೇ ಸಾಕು. ಮಲಗಿಸಿ, 108ಕ್ಕೆ ಫೋನ್ ಮಾಡಿ. ತೀರಾ ಉಬ್ಬಸವಿದ್ದರೆ ಕಾಲು ಚಾಚಿ, ಒರಗಿಸಿ ಕೂರಿಸಿ. ಬಸುರಿಯಾದರೆ ಎಡಮಗ್ಗುಲಿಗೆ ಮಲಗಿಸಿ. ಹುಷಾರಾದ ಮೇಲೂ ಡಾಕ್ಟರು ಹೇಳುವ ತನಕ ಆಸ್ಪತ್ರೆ ಬಿಡಬೇಡಿ. ಕೆಲವು ಗಂಟೆ ಬಿಟ್ಟು ಮತ್ತೆ ಮರುಕಳಿಸುವುದುಂಟು.

ಕೊಯ್ಲಿಗೆ ಮುಂಚೆ ಒಂದು ಕೆಲಸ ಮಾಡಿ. ನಿಮಗೆ ಹತ್ತಿರದ ಆಸ್ಪತ್ರೆಗೆ ಹೋಗಿ ಕೇಳಿ, "ಅಡ್ರಿನಲಿನ್ ಇದೆಯಾ?" ಇಲ್ಲ ಅಂದರೆ, ಎಲ್ಲಿದೆ ಅಂತ ತಿಳಿದುಕೊಂಡೇ ಮರ ಹತ್ತಿ.

ನಮಸ್ಕಾರ.